ಟವೆಲ್ಲಿನ ಕೆಳಗೆ ಮಾರಿಹೋದ ನಾಟಕ

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ನಮ್ಮಪ್ಪನ ನಾಟಕದ ಪೋಸ್ಟರ್ ಕಂಡ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ವಯಸ್ಸಾದಂತೆ ಸಿಟ್ಟು ಮಾಗುತ್ತದೆ ಎಂದು ಹೇಳುವವರಿದ್ದಾರೆ. ಅವರು ಹರೆಯದಲ್ಲೂ ಸರಿಯಾಗಿ ಸಿಟ್ಟಾದವರಲ್ಲ ಎಂದೇ ನನ್ನ ಅನುಮಾನ.

ಎಪ್ಪತ್ತರ ದಶಕದ ಮಾತು. ನಾನು ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹೊಸದುರ್ಗದ ಮನೆಗೆ ಬರುವುದು ರೂಢಿ. ಅವತ್ತು ಬಸ್ಸು ಹೊಳಲ್ಕೆರೆಯಲ್ಲಿ ನಿಂತಾಗ ಕಿಟಕಿಯಿಂದ ನೋಡಿದರೆ ಎದುರು ಗೋಡೆಗೆ ಗುಲಾಬಿ ಬಣ್ಣದ ಪೋಸ್ಟರ್ ಅಂಟಿಸಿದ್ದರು, ಅಂಟು ಇನ್ನೂ ಒದ್ದೆಯಾಗಿತ್ತು. ಅಪ್ಪನ ನಾಟಕದ ಹೆಸರು, ಅದರ ಕೆಳಗೆ ‘ಅರ್ಥಾತ್ ಬುದ್ಧಿ ಬಂದ ಸೊಸೆ’ ಎಂದು ಇನ್ನೊಂದು ಹೆಸರು, ಅದರ ಕೆಳಗೆ ‘ರಚನೆ’ ಎಂದು ಹಾಕಿ ಸಾಕ್ಷಾತ್ ನಮ್ಮಪ್ಪನ ಹೆಸರು. ಮಾರನೆಯ ದಿನವೇ ಪ್ರದರ್ಶನ. ಊರು ಯಾವುದೆಂದು ಓದಿದಾಗ ನನ್ನ ಮೈಯೆಲ್ಲ ಉರಿಯಿತು. ಅದು ನಮ್ಮ ಅತ್ತೆಯನ್ನು ಕೊಟ್ಟಿದ್ದ ಊರು.

ಅತ್ತೆ ಎಂದರೆ ಅಪ್ಪನ ತಂಗಿ. ನಾನು ಚಿಕ್ಕವಳಿದ್ದಾಗಲೇ ಅವಳು ಗಂಡನ ಮನೆ ಬಿಟ್ಟು ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಕರೆದುಕೊಂಡು ಹೋಗಲು ಅವಳ ಭಾವ, ಅಂದರೆ ಗಂಡನ ಅಣ್ಣ, ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದಿದ್ದ. ಅತ್ತೆ ನಡುಮನೆಯ ಬಾಗಿಲಲ್ಲಿ ನಿಂತು, “ನಾನು ಬರಲ್ಲ. ಇದು ಸಿಟ್ಟಿನ ಮಾತಲ್ಲ, ಯೋಚನೆ ಮಾಡಿ ಆಡಿದ ಮಾತು,” ಎಂದಳು. ಅಷ್ಟೇ. ಬಂದವರು ಎದ್ದು ಹೋದರು. ಆ ಮಾತು ಅಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಜೀವಮಾನದಲ್ಲಿ ಬರೆದದ್ದು ಒಂದೇ ನಾಟಕ, ಅದೂ ಅತ್ತೆಯ ಕಥೆ. ಕುಡಿದು ಬಂದು ಹೊಡೆಯುವ ಗಂಡ, ಸಹಿಸಿ ಸಹಿಸಿ ಸಾಕಾಗಿ ತವರಿಗೆ ಬರುವ ಹೆಂಡತಿ, ಕೊನೆಯ ದೃಶ್ಯದಲ್ಲಿ ಅತ್ತೆ ಆಡಿದ ಅದೇ ಮಾತು, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ. ಹೊಸದುರ್ಗದ ಸುತ್ತಿನ ಕೆಲವು ಹಳ್ಳಿಗಳಲ್ಲಿ ಅದನ್ನು ಆಡಿದ್ದರು. ಆ ಮಾತು ಬಂದಾಗ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು, ಗಂಡಸರು ಬೀಡಿ ಹಚ್ಚುತ್ತಿದ್ದರು.

ಅಪ್ಪ ನಾಟಕಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಆಡಬೇಕೆಂಬ ಊರಿನವರು ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಜಗಲಿಗೆ ಬರಬೇಕು. ಅಪ್ಪ ಆ ವೀಳ್ಯ ಮುಟ್ಟಿದರೆ ಒಪ್ಪಿಗೆ ಕೊಟ್ಟ ಹಾಗೆ. ಅದಕ್ಕೆ ಎರಡು ಷರತ್ತು. ಕೊನೆಯ ದೃಶ್ಯ ಬದಲಾಯಿಸಬಾರದು. ಹೊಳಲ್ಕೆರೆ ಸೀಮೆಯಲ್ಲಿ ಆಡಬಾರದು. ಎರಡನೆಯದು ಯಾಕೆಂದು ಬಂದವರಿಗೆ ಹೇಳುತ್ತಿರಲಿಲ್ಲ. ತಂಗಿ ಆ ಊರಿನವರ ಬಾಯಿಗೆ ಮತ್ತೆ ಬೀಳಬಾರದು ಎಂದು ನಮಗೆ ಹೇಳುತ್ತಿದ್ದ.

ಆ ವರ್ಷ ವೀಳ್ಯ ತಂದವರು ಹಿರಿಯೂರು ತಾಲ್ಲೂಕಿನವರು, ಹರಿಯಬ್ಬೆ ಕಡೆಯ ಒಂದು ಹಟ್ಟಿಯ ಕುರಿ ಕಾಯುವ ಜನ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಟ್ಟೆ. ಎರಡು ಷರತ್ತಿಗೂ ವೀಳ್ಯದ ಮೇಲೆ ಕೈಯಿಟ್ಟು ಹೂಂ ಅಂದಿದ್ದರು. ಹಾಗಿದ್ದರೆ ನಾಟಕ ಹರಿಯಬ್ಬೆಯಿಂದ ಹೊಳಲ್ಕೆರೆಗೆ ಹೇಗೆ ನಡೆದುಕೊಂಡು ಬಂತು?

ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ, ನನ್ನ ಗಂಟಲಿಗೆ ಮೆಲ್ಲಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕೈ ಸದ್ದು ನಿಂತಿತು. ಅಪ್ಪ ನಾಳೆಯೇ ಹೋಗಿ ನಿಲ್ಲಿಸುತ್ತೇನೆ ಎಂದು ಎದ್ದು ನಿಂತ.

ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, “ಬಿಡು ಅಣ್ಣಯ್ಯ, ಹೋಗ್ಬೇಡ. ಆಡ್ಕಂಡು ಸಾಯ್ಲಿ,” ಎಂದಳು.

“ಹಂಗಂದ್ರೆ ಹೆಂಗಮ್ಮ? ಅದು ನನ್ನ ನಾಟಕ,” ಎಂದ ಅಪ್ಪ.

ಅತ್ತೆ ಅವನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಅಂಜಿಕೆಯಿಂದ ಬೇಡ ಅನ್ನುತ್ತಿದ್ದಾಳೆ ಎಂದುಕೊಂಡೆ. ಅವಳ ಪರವಾಗಿಯೂ ನಾನೇ ಸಿಟ್ಟು ಮಾಡಿಕೊಂಡು ಅಪ್ಪನ ಜೊತೆ ಹೊರಟೆ.

ಭಾನುವಾರ ಮಧ್ಯಾಹ್ನ ಆ ಊರಿನ ಹತ್ತಿರ ಬಸ್ಸು ಇಳಿದು ನಡೆಯುತ್ತಿದ್ದಾಗ, ದಾರಿಯ ಪಕ್ಕದ ತೋಟದಲ್ಲಿ ಕುರಿಮಂದೆ ಬಿಟ್ಟಿದ್ದರು. ಬೇಸಿಗೆಯಲ್ಲಿ ಹಿರಿಯೂರು ಕಡೆಯ ಕುರಿಯವರು ಈ ಕಡೆಯ ತೋಟಗಳಿಗೆ ಬಂದು ಮಂದೆ ತರುಬುತ್ತಾರೆ. ಕುರಿಗೆ ಮೇವು, ತೋಟಕ್ಕೆ ಗೊಬ್ಬರ. ಮಂದೆಯ ಪಕ್ಕ ಕೂತಿದ್ದವರಲ್ಲಿ ಒಬ್ಬ ಎದ್ದು ಓಡಿ ಬಂದ. ನಮ್ಮ ಜಗಲಿಯಲ್ಲಿ ವೀಳ್ಯದ ತಟ್ಟೆ ಹಿಡಿದಿದ್ದ ಹಟ್ಟಿಯ ಯಜಮಾನನೇ ಅವನು. ಅಪ್ಪನನ್ನು ನೋಡಿ ಅವನ ಮುಖ ಅರಳಿದ್ದು ಕಂಡು ನನಗೆ ಇನ್ನಷ್ಟು ಉರಿಯಿತು. ಕಳ್ಳನಾದವನು ಕಳ್ಳನ ಹಾಗೆ ಇರಬೇಕು.

“ಬರ್ರಿ ಮೇಷ್ಟ್ರೆ! ನೋಡಾಕೆ ಬಂದ್ರಾ? ಒಳ್ಳೇದಾತು,” ಎಂದ.

“ನಾಟಕ ಇವರಿಗೆ ಹೆಂಗೆ ಬಂತು?” ಎಂದು ಅಪ್ಪ ಕೇಳಿದ.

“ನಾವೇ ಕೊಟ್ವಲ್ರಿ. ನಮ್ಮ ಹಟ್ಟೀಲಿ ಹಿರೇ ಮನುಷ್ಯ ತೀರ್ಕಂಡ. ಈ ವರ್ಷ ಡೋಲು ಇಲ್ಲ, ಮೈಕು ಇಲ್ಲ. ಪರದೆಯೋರಿಗೆ, ಪಾರ್ಟ್ ಮಾಡೋ ಹೆಂಗಸಿಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದ್ವಿ. ಮಂದೆ ಮಾತಾಡಾಕೆ ಬಂದಾಗ ಈ ಊರಿನ ಗೌಡ್ರು ನಾಟಕ ನಮಗೆ ಕೊಡ್ರಿ ಅಂದ್ರು. ಟವೆಲ್ ಹಾಕಿ ಮಾತಾಡಿದ್ವಿ, ಮುಗೀತು.”

ಟವೆಲ್ ಹಾಕುವುದೆಂದರೆ ದನ ಕುರಿ ಸಂತೆಯ ಪದ್ಧತಿ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು, ಬೆರಳು ಮುಟ್ಟಿ ಮುಟ್ಟಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಅತ್ತೆಯ ಬಾಳನ್ನು ಟಗರಿನ ಹಾಗೆ ಬೆರಳು ಒತ್ತಿ ವ್ಯಾಪಾರ ಮಾಡಿದ್ದರು.

“ನಾನು ನಿಮ್ಮ ಹಟ್ಟಿಗೆ ಕೊಟ್ಟಿದ್ದೆ. ಬೇರೆಯವರಿಗೆ ಕೊಡಾಕೆ ನಿಮಗೆ ಯಾರು ಹೇಳಿದ್ರು?” ಎಂದ ಅಪ್ಪ.

ಯಜಮಾನನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಾವು ಆಡ್ಲೇ ಇಲ್ವಲ್ಲ ಮೇಷ್ಟ್ರೆ! ಆಡಿ ಹಳೇದು ಮಾಡಿ ಕೊಟ್ಟಿದ್ರೆ ತಪ್ಪು. ಇದ್ದಂಗೇ ಕೊಟ್ಟೀವಿ. ಪುಸ್ತಕ, ಹುಡುಗ್ರು ಬರ್ಕಂಡಿದ್ದ ಪಾಠ, ಒಂದು ಹಾಳೆ ಇಟ್ಕಂಡಿಲ್ಲ. ಬಾಯಿಪಾಠ ಆಗಿರೋ ಮಾತು ಇನ್ನು ಆಡಂಗಿಲ್ಲ ಅಂತ ಹುಡುಗ್ರ ಕೈಲಿ ದೇವ್ರ ಮುಂದೆ ಆಣೆ ಮಾಡಿಸೀವಿ. ಒಂದೇ ಕುರಿ ಎರಡು ಮಂದೇಲಿ ಇರಾಕಾಗ್ತೈತೇನ್ರಿ?”

“ಹೊಳಲ್ಕೆರೆ ಸೀಮೇಲಿ ಆಡಬಾರ್ದು ಅಂದಿರಲಿಲ್ವಾ?” ಎಂದು ನಾನು ಬಾಯಿ ಹಾಕಿದೆ.

“ನಾವು ಆಡಬಾರ್ದು ಅಂದಿದ್ರಿ ಕಣವ್ವ. ನಾವು ಆಡ್ತಿಲ್ಲ.”

ಅವನ ಕಣ್ಣಲ್ಲಿ ಕಪಟವಿರಲಿಲ್ಲ. ಅದೇ ನನಗೆ ತಡೆಯಲಾರದಷ್ಟು ಕೋಪ ತಂದಿತು. ಬೈಯಬೇಕೆಂದು ಬಾಯಿ ತೆರೆದರೆ ಬೈಗುಳ ಕೂರುವುದಕ್ಕೆ ಆ ಮನುಷ್ಯನಲ್ಲಿ ಜಾಗವೇ ಇರಲಿಲ್ಲ. ತನ್ನ ಲೆಕ್ಕದಲ್ಲಿ ಅವನು ಬಹಳ ನಿಯತ್ತಿನಿಂದ ನಡೆದುಕೊಂಡಿದ್ದ.

ಅವನು ಹೇಳಿದ ಗೌಡರೆಂದರೆ ಬೇರೆ ಯಾರೂ ಅಲ್ಲ, ಅತ್ತೆಯ ಭಾವ. ಹಿಂದೆ ನಮ್ಮ ಜಗಲಿಯಿಂದ ಎದ್ದು ಹೋಗಿದ್ದವನು. ನಾವು ಹೋದಾಗ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಸ್ಟೇಜು ಕಟ್ಟುವವರಿಗೆ ಕೂಗಿ ಹೇಳುತ್ತಿದ್ದ. ಎದ್ದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡ.

“ಬರ್ರಿ, ಕುಂತ್ಕಳ್ರಿ. ಏನೋ ಬೀಗತನ ಕೆಡ್ತು, ಮರ್ಯಾದೆ ಕೆಡಬೇಕೇನು? ಲೇ, ಮೇಷ್ಟ್ರಿಗೆ ಎಳನೀರು ತಗಂಬರ್ರೋ.”

ಅಪ್ಪ ಕೂರಲಿಲ್ಲ. ಕೊನೆಯ ದೃಶ್ಯ ಬದಲಾಯಿಸಿದ್ದೀರಾ ಎಂದು ನಿಂತೇ ಕೇಳಿದ.

“ಅಷ್ಟು ಬದಲಾಯಿಸದಿದ್ರೆ ಈ ಊರಾಗೆ ಹೆಂಗ್ರಿ ಆಡಾದು? ಸೊಸೆ ತಪ್ಪಾತು ಅಂತ ಬರ್ತಾಳೆ, ಗಂಡನ ಕಾಲಿಗೆ ಬೀಳ್ತಾಳೆ, ಮಂಗಳ ಹಾಡ್ತೀವಿ. ಹೋದ ಮಾನ ತಂದ್ಕಳಾಣ ಅಂತ ಒಂದಾಸೆ ನಮಗೂ ಐತೆ.”

“ನನ್ನ ಒಪ್ಪಿಗೆ ಇಲ್ಲ.”

“ಹೊಲ ಕೊಂಡೋನು ರಾಗಿ ಬಿತ್ತುತಾನೋ ಜೋಳ ಬಿತ್ತುತಾನೋ, ಹಿಂದ್ಲೋನು ಕೇಳಾಂಗಿಲ್ಲ ಮೇಷ್ಟ್ರೆ,” ಎಂದು ಅವನು ನಕ್ಕ.

“ಹಂಗಾದ್ರೆ ಪರದೆ ಏಳೋಕೆ ಮುಂಚೆ ಜನದ ಮುಂದೆ ನಿಂತು ಹೇಳ್ತೀನಿ. ಇದು ನನ್ನ ನಾಟಕ ಅಲ್ಲ, ನನ್ನ ಕೈಯಿಂದ ಕದ್ದದ್ದು ಅಂತ ಹೇಳ್ತೀನಿ.”

ನನಗೆ ಅಪ್ಪನ ಬಗ್ಗೆ ಆ ಕ್ಷಣದಲ್ಲಿ ಎಷ್ಟು ಹೆಮ್ಮೆಯಾಯಿತೆಂದರೆ, ಎಳನೀರು ತಂದವನ ಕೈಗೆ ಅದನ್ನು ಹಾಗೇ ವಾಪಸ್ ಕೊಟ್ಟೆ. ಗೌಡ ಮಾತ್ರ ತಲೆಯಾಡಿಸಿ, “ಹೇಳ್ರಿ, ಹೇಳ್ರಿ. ಮೈಕು ನಾನೇ ಕೊಡಿಸ್ತೀನಿ,” ಎಂದ. ಅವನು ಯಾಕೆ ಅಷ್ಟು ಸಲೀಸಾಗಿ ಒಪ್ಪಿದನೆಂದು ನಾನು ಯೋಚಿಸಬೇಕಿತ್ತು.

ಸಂಜೆ ಕತ್ತಲಾಗುವ ಹೊತ್ತಿಗೆ ಊರಿಗೆ ಊರೇ ಬಂದು ಕೂತಿತು. ಮೈಕಿನಲ್ಲಿ ಅಪ್ಪನ ಹೆಸರು ಕೂಗಿದರು. ಅಪ್ಪ ಪಂಚೆ ಸರಿಮಾಡಿಕೊಂಡು, ಮುಷ್ಟಿ ಬಿಗಿಹಿಡಿದು ಸ್ಟೇಜು ಹತ್ತಿದ. ಹತ್ತಿದವನ ಕೈಗೆ ಮೈಕು ಬರಲಿಲ್ಲ. ಮೊದಲು ಕುರ್ಚಿ ಬಂತು. ಆಮೇಲೆ ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕತ್ತಿಗೆ ಸೇವಂತಿಗೆ ಹಾರ, ಅದರ ಮೇಲೆ ಸುಗಂಧರಾಜದ ಇನ್ನೊಂದು, ಮಡಿಲಿಗೆ ಹಣ್ಣಿನ ಬುಟ್ಟಿ. ಊರಿನ ಪರವಾಗಿ ಒಂದು, ಯುವಕರ ಪರವಾಗಿ ಒಂದು, ಅಪ್ಪನ ಹತ್ತಿರ ಹಿಂದೆ ಓದಿದವನೊಬ್ಬ ಆ ಊರಿನಲ್ಲಿದ್ದ, ಅವನ ಪರವಾಗಿ ಒಂದು. ಅವನಂತೂ ಕಾಲಿಗೆ ಬಿದ್ದು ಎದ್ದು, ಇಂಥ ಗುರುಗಳು ಇಂಥ ಕಲಾವಿದರು ಎಂದು ಕಣ್ಣೀರು ಹಾಕಿದ. ಜನ ಚಪ್ಪಾಳೆ ಹೊಡೆದರು. ಇಷ್ಟೆಲ್ಲ ಆದ ಮೇಲೆ ಗೌಡ ತಾನೇ ಮೈಕು ಹಿಡಿದುಕೊಂಡು ಬಂದು ಅಪ್ಪನ ಬಾಯಿಯ ಮುಂದಿಟ್ಟು, ಕೈ ಮುಗಿದು ನಿಂತ.

ನಮ್ಮ ಕಡೆ ಒಬ್ಬನ ಬಾಯಿ ಮುಚ್ಚಿಸಬೇಕಾದರೆ ಹೊಡೆಯಬೇಕಿಲ್ಲ. ಸನ್ಮಾನ ಮಾಡಿದರೆ ಸಾಕು. ಹಾರ ಹಾಕಿಸಿಕೊಳ್ಳಲು ಒಮ್ಮೆ ಬಗ್ಗಿದ ಕತ್ತು ಆಮೇಲೆ ನೆಟ್ಟಗಾಗುವುದಿಲ್ಲ. ಅಪ್ಪ ಮೈಕಿನ ಮುಂದೆ ಎರಡು ಸಲ ಗಂಟಲು ಸರಿಮಾಡಿಕೊಂಡ. “ಕಲಾಭಿಮಾನಿಗಳೇ,” ಎಂದ. ಹೆಂಗಸರ ಮಧ್ಯೆ ಕೂತಿದ್ದ ನಾನು ಹಲ್ಲು ಕಚ್ಚಿಕೊಂಡು ಹೇಳಪ್ಪ, ಹೇಳು ಅನ್ನುತ್ತಿದ್ದೆ. “ಈ ಊರಿನ ಪ್ರೀತಿಗೆ ನಾನು ಚಿರಋಣಿ,” ಎಂದು ಕೂತುಬಿಟ್ಟ.

ಎದ್ದು ಹೋಗಬೇಕೆನಿಸಿತು. ಆ ಹೊತ್ತಿನಲ್ಲಿ ಬಸ್ಸಿರಲಿಲ್ಲ. ಸನ್ಮಾನಿತರ ಮಗಳೆಂದು ನನ್ನನ್ನೂ ಚಾಪೆಯ ಮುಂದಿನ ಸಾಲಿಗೆ ಎಳೆದು ಕೂರಿಸಿದರು. ನಾಟಕ ಪೂರ್ತಿ ನೋಡುವ ಶಿಕ್ಷೆ ಹಾಗೆ ಬಂತು. ಸೊಸೆಯ ಅಣ್ಣನಾದ ಮೇಷ್ಟ್ರ ಪಾತ್ರವನ್ನು ಹಾಸ್ಯಕ್ಕೆ ತಿರುಗಿಸಿದ್ದರು. ಕನ್ನಡಕ ಜಾರಿಸಿಕೊಂಡು, ತಂಗಿಯ ತಲೆ ಕೆಡಿಸುವ ಮಾತಾಡಿಕೊಂಡು ಒಬ್ಬ ಸ್ಟೇಜಿನ ತುಂಬ ಎಡವುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಎದುರಿಗೇ ತಲೆಯ ಮೇಲೆ ಪೇಟ ಇಟ್ಟುಕೊಂಡು ನಮ್ಮಪ್ಪ ಕೂತಿದ್ದ. ಕುಡುಕ ಗಂಡನ ದೃಶ್ಯಗಳನ್ನು ಮಾತ್ರ ಹಾಗೇ ಇಟ್ಟಿದ್ದರು, ಅವಕ್ಕೆ ಶಿಳ್ಳೆ ಜಾಸ್ತಿ.

ಅತ್ತೆಯ ಗಂಡನನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ತೋರಿಸಿದಳು. ಕರೆಂಟು ಹೋಗಿ ಗ್ಯಾಸ್‌ಲೈಟು ಹಚ್ಚಿದ್ದರು. ಬೆಳಕು ಕುಗ್ಗಿದಾಗಲೆಲ್ಲ ಸಣಕಲು ಮನುಷ್ಯನೊಬ್ಬ ಬಂದು ಪಂಪು ಹೊಡೆದು ಹೋಗಿ ಕಂಬದ ಪಕ್ಕ ಕೂರುತ್ತಿದ್ದ. ಅವನೇ. ಸ್ಟೇಜಿನ ಮೇಲೆ ಅವನ ಪಾತ್ರಧಾರಿ ಬಾಟಲಿ ಹಿಡಿದು ಹೆಂಡತಿಯ ಜಡೆ ಎಳೆಯುತ್ತಿದ್ದಾಗ, ಇವನು ಯಾರ ಮುಖವನ್ನೂ ನೋಡದೆ ದೀಪಕ್ಕೆ ಗಾಳಿ ತುಂಬುತ್ತಿದ್ದ. ಮಾಡಿದ್ದುಣ್ಣು ಎಂದು ಮನಸ್ಸಿನಲ್ಲೇ ಶಾಪ ಹಾಕಿದೆ.

ಕೊನೆಗೆ ಸೊಸೆ ಗಂಡನ ಕಾಲಿಗೆ ಬಿದ್ದಳು. ಇಡೀ ಊರು ಶಿಳ್ಳೆ ಹಾಕಿತು.

ಬೆಳಗಿನ ಮೊದಲ ಬಸ್ಸಿನಲ್ಲಿ ನಾವು ಹೊರಟು ಬಂದೆವು. ಅಪ್ಪ ಪೇಟ, ಶಾಲು, ಬುಟ್ಟಿ ಎಲ್ಲವನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅದನ್ನೆಲ್ಲ ಕಿಟಕಿಯಿಂದ ಆಚೆ ಎಸೆಯುವಷ್ಟು ಸಿಟ್ಟಾದರೂ ಅವನಿಗೆ ಬರಬಾರದೇ ಎಂದು ನನಗೆ ಅನಿಸುತ್ತಿತ್ತು. ಬರಲಿಲ್ಲ. ಬಾಳೆಹಣ್ಣು ಅಪ್ಪಚ್ಚಿಯಾಗದ ಹಾಗೆ ಬುಟ್ಟಿಯನ್ನು ಜೋಪಾನವಾಗಿ ಹಿಡಿದಿದ್ದ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಏನಾಯಿತೆಂದು ಕೇಳಿದಳು. ಅಪ್ಪ ಚಪ್ಪಲಿ ಬಿಡುವುದರಲ್ಲೇ ಮಗ್ನನಾದ. ನಾನೇ ಎಲ್ಲ ಹೇಳಿದೆ. ಟವೆಲ್ಲಿನ ವ್ಯಾಪಾರ, ಸನ್ಮಾನ, ಕಾಲಿಗೆ ಬಿದ್ದದ್ದು, ಎಲ್ಲ. ಯಾರ ಮಾತನ್ನು ಯಾರು ಮಾರಿದರು, ಯಾರನ್ನು ಕೇಳಿ ಬದಲಾಯಿಸಿದರು ಎಂದು ಕೂಗಾಡಿದೆ. ಕೋರ್ಟಿಗೆ ಹೋಗೋಣ, ಚಿತ್ರದುರ್ಗದಲ್ಲಿ ವಕೀಲರನ್ನು ನೋಡೋಣ ಎಂದೆ. ಅಪ್ಪನೂ ಆಗ ಧೈರ್ಯ ಬಂದವನ ಹಾಗೆ, “ಹೌದು, ನನ್ನನ್ನ ಒಂದು ಮಾತು ಕೇಳ್ದೆ ಹಿಂಗೆ ಮಾಡಿದ್ರಲ್ಲ,” ಎಂದ.

“ನೀನು ಬರೆಯಾಕೆ ಮುಂಚೆ ನನ್ನ ಕೇಳಿದ್ಯಾ ಅಣ್ಣಯ್ಯ?” ಎಂದಳು ಅತ್ತೆ.

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

“ಅವ್ರು ಕೊನೇದು ಬದಲಾಯಿಸಿದ್ರು ಅಂತ ಒದರಾಡ್ತಿದೀರಿ. ಮೊದಲ್ನೇದನ್ನ ನೀನೇ ಬದಲಾಯಿಸಿದ್ದೆ. ಅವನು ಯಾವತ್ತು ಕುಡಿದಿದ್ದ? ಯಾವತ್ತು ನನ್ನ ಮೇಲೆ ಕೈ ಮಾಡಿದ್ದ? ಹೇಳು.”

“ಹಂಗಲ್ಲಮ್ಮ…”

“ಅವನು ಕೆಟ್ಟೋನಲ್ಲ. ಮಾತಾಡ್ತಿರಲಿಲ್ಲ, ಅಷ್ಟೇ. ಊಟಕ್ಕೆ ಬಾ ಅಂದ್ರೆ ಬರ್ತಿದ್ದ, ಉಂಡು ಏಳ್ತಿದ್ದ. ನಾನು ಆ ಮನೇಲಿದ್ದಷ್ಟು ದಿನಾನೂ ನೀನು ಯಾರು ಅಂತ ಕೇಳಿದೋರಿಲ್ಲ. ಗೋಡೆ ಜೊತೆ ಮಾತಾಡಾಕೆ ಶುರು ಮಾಡಿದ್ದೆ. ಹುಚ್ಚು ಹಿಡಿತೈತೆ ಅಂತ ಎದ್ದು ಬಂದೆ. ನಿನಗೆ ಹಂಗೇ ಹೇಳಿದ್ದೆ.”

ಅಪ್ಪ ಗೋಡೆಗೆ ಒರಗಿ ಕೂತ. “ಮಾತಾಡ್ಲಿಲ್ಲ ಅಂತ ಗಂಡನ್ನ ಬಿಟ್ಲು ಅಂದ್ರೆ ಜನ ಒಪ್ತಾರೇನಮ್ಮ? ನಾಟಕಕ್ಕೆ ಏನಾದ್ರೂ ಬೇಕಿತ್ತು. ನಿನ್ನ ಒಳ್ಳೇದಕ್ಕೇ ಹಂಗೆ ಬರ್ದೆ.”

“ಹಂಗಾದ್ರೆ ಅವ್ರ ನಾಟಕಕ್ಕೂ ಏನೋ ಬೇಕಿತ್ತು ಬಿಡು,” ಎಂದಳು ಅತ್ತೆ. “ನಲ್ಲಿ ಹತ್ರ ಹೋದ್ರೆ ಹೆಂಗಸರು ನನ್ನ ಬೆನ್ನು ನೋಡ್ತಾರೆ, ಬಾಸುಂಡೆ ಐತೇನೋ ಅಂತ. ಇಷ್ಟು ವರ್ಷ ನಾನು ಏಟು ತಿಂದೋಳ ಥರ ಬದುಕೀನಿ. ತಿನ್ನದೇ ಇರೋ ಏಟು. ಆ ಮನುಷ್ಯನೂ ಹೊಡೆದೋನ ಥರ ಬದುಕವನೆ.”

ನನಗೆ ಇನ್ನೂ ಸಿಟ್ಟು ಇತ್ತು, ಆದರೆ ಅದನ್ನು ತಿರುಗಿಸಬೇಕಾದ ದಿಕ್ಕು ನಮ್ಮ ಮನೆಯ ಜಗಲಿಯಾಗಿತ್ತು. ಅಪ್ಪನ ಮೇಲೆ ನನಗೆ ಬಂದ ಕೋಪ ಗೌಡನ ಮೇಲೆ ಬಂದದ್ದಕ್ಕಿಂತ ದೊಡ್ಡದು. ಗೌಡ ಕಡೇಪಕ್ಷ ವೈರಿ. ಇವನು ಅಕ್ಕರೆಯಿಂದ, ತಂಗಿಯ ಪಕ್ಕದಲ್ಲೇ ಕೂತು ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತ, ಅವಳ ಕಾರಣ ಸಾಲದೆಂದು ತೀರ್ಮಾನ ಮಾಡಿ ಬೇರೆ ಕಾರಣ ಹೊಲಿದು ತೊಡಿಸಿದ್ದ. ಆ ನಾಟಕ ನೋಡಿ ನಾನೂ ಹೆಮ್ಮೆಪಟ್ಟುಕೊಂಡೇ ಬೆಳೆದಿದ್ದೆ. ಅಪ್ಪನ ಜೊತೆ ನಾನು ಅನೇಕ ದಿನ ಮಾತಾಡಲಿಲ್ಲ. ಅವನು ಕೋರ್ಟಿನ ಮಾತನ್ನು ಮತ್ತೆ ಎತ್ತಲಿಲ್ಲ.

ಆ ವರ್ಷದ ದಸರಾ ಕಳೆದ ಮೇಲೆ ಹೊಸದುರ್ಗದ ಪಕ್ಕದ ಒಂದು ಹಳ್ಳಿಯವರು ನಾಟಕ ಕೇಳಿಕೊಂಡು ಬಂದರು. ರಜೆಯಿದ್ದುದರಿಂದ ನಾನೂ ಮನೆಯಲ್ಲಿದ್ದೆ. ನಾಲ್ಕು ಜನ ಜಗಲಿಯಲ್ಲಿ ಕೂತು ವೀಳ್ಯದ ತಟ್ಟೆ ಮುಂದಿಟ್ಟರು. ಅಪ್ಪನ ಕೈ ತಟ್ಟೆಯ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ನನ್ನ ಕಡೆ ನೋಡಿದ. ನಾನು ಕಣ್ಣು ಕೆಂಪು ಮಾಡಿಕೊಂಡೇ ನಿಂತಿದ್ದೆ. ಕೊನೆಗೆ ಒಳಗೆ ತಿರುಗಿ ಅತ್ತೆಯನ್ನು ಕರೆದ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಂದವರಿಗೆ ನಮಸ್ಕಾರ ಮಾಡಿದಳು.

“ಇವರು ನಾಟಕ ಕೇಳ್ತಿದಾರೆ,” ಎಂದ ಅಪ್ಪ.

“ಕೊಡಲ್ಲ,” ಎಂದಳು.

ನಾಲ್ವರೂ ಅವಳನ್ನು ನೋಡಿದರು, ಆಮೇಲೆ ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅಪ್ಪನ ಕಡೆ ತಿರುಗಿದರು. “ಮೇಷ್ಟ್ರೆ, ನೀವೇನಂತೀರಿ?” ಎಂದು ಒಬ್ಬ ಕೇಳಿದ. ನನಗೆ ತಟ್ಟೆ ಎತ್ತಿ ಅವನ ತಲೆಗೆ ಬಡಿಯಬೇಕೆನಿಸಿತು. ‘ಅವಳು ಹೇಳಿದ್ದು ಕೇಳಲಿಲ್ಲವೇ’ ಎನ್ನಲು ಅಪ್ಪನಿಗಾದರೂ ಬಾಯಿತ್ತು. ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ. “ಈ ಸಲ ಬೇಡ. ಮುಂದಿನ ವರ್ಷ ನೋಡಾಣ ಬಿಡ್ರಿ,” ಎಂದ.

ಅತ್ತೆ ಒಳಗೆ ಹೋಗಲು ತಿರುಗಿದ್ದವಳು ನಿಂತಳು. ದನಿ ಏರಿಸಲಿಲ್ಲ. ಅಪ್ಪನನ್ನೇ ನೋಡುತ್ತ, “ಮುಂದಿನ ವರ್ಷಾನೂ ಕೊಡಲ್ಲ,” ಎಂದಳು.